ಕಾಳುಮೆಣಸಿನ ಆಮದು ಸುಂಕ: ಕಸ್ಟಮ್ಸ್ ಏಜೆಂಟರನ್ನು ಕೇಳಿ

ಮೂಡಿಗೆರೆ ಬೆಳೆಗಾರ: ಸರ್, ವಿಯೆಟ್ನಾಮಿನ ‘ಪರಮಾಪ್ತ ರಾಷ್ಟ್ರ’ ಸ್ಥಾನ ಕಿತ್ತುಕೊಂಡರೆ ಅಲ್ಲಿನ ಮೆಣಸು ಬರುವುದು ನಿಲ್ಲುತ್ತದೆ ಎಂಬ ಸಂದೇಶ ಹರಿದಾಡುತ್ತಿದೆ. ನಿಜವೇ?

ಏಜೆಂಟ್: ಸುಳ್ಳು. ಅದು ವಿಶೇಷ ಮರ್ಯಾದೆಯೇನಲ್ಲ; ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯರಿಗೆಲ್ಲ ಒಂದೇ ಸುಂಕ ಎಂಬ ನಿಯಮ. ಮೆಣಸಿಗೆ ಆ ದರ ಶೇ 70. ವಿಯೆಟ್ನಾಂ ಮೆಣಸು ಬರುವುದು ಆಸಿಯಾನ್ (ಆಗ್ನೇಯ ಏಷ್ಯಾ ರಾಷ್ಟ್ರಗಳ ಕೂಟ) ಜತೆಗಿನ ವ್ಯಾಪಾರ ಒಪ್ಪಂದದಡಿ, ಶೇ 50ಕ್ಕೆ. ಸ್ಥಾನ ಕಿತ್ತರೂ ಒಪ್ಪಂದ ಉಳಿಯುತ್ತದಲ್ಲ?

ಸಕಲೇಶಪುರದ ಸದಸ್ಯೆ: ನನ್ನ ಮೈದುನನಿಗೆ ಕೊಲಂಬೊದಿಂದ ಮೆಣಸು ತರಿಸಿಕೊಡುತ್ತಾರಂತೆ. ಸರಕು ಶ್ರೀಲಂಕಾದ್ದೇ ಎಂಬ ಪ್ರಮಾಣಪತ್ರವಿದೆ, ಸುಂಕ ಸೊನ್ನೆ. ಪತ್ರ ಮತ್ತು ಚೀಲದ ಚಿತ್ರ ಹಾಕಿದ್ದೇನೆ. ಮುಂಗಡ ಕೊಡಬಹುದೇ?

ಏಜೆಂಟ್: ಬೇಡ. ಚಿತ್ರವನ್ನು ಹಿಗ್ಗಿಸಿ ನೋಡಿ, ಚೀಲದ ಬಾಯಿಹೊಲಿಗೆಯ ಕೆಳಗೆ ಅರ್ಧ ಉಜ್ಜಿದ ಅಕ್ಷರಗಳಲ್ಲಿ ಹೋ ಚಿ ಮಿನ್ ನಗರದ ಹೆಸರಿದೆ. ಸೊನ್ನೆ ಸುಂಕ ಲಂಕೆಯಲ್ಲೇ ಬೆಳೆದ ಮೆಣಸಿಗೆ, ಅದೂ ವರ್ಷಕ್ಕೆ 2,500 ಟನ್ನಿನ ಮಿತಿಯೊಳಗೆ. ಕೊಲಂಬೊದಲ್ಲಿ ಚೀಲ ಬದಲಿಸಿದ ಮಾತ್ರಕ್ಕೆ ಕಾಳಿನ ಊರು ಬದಲಾಗದು. ಕಸ್ಟಮ್ಸ್ ಕಾಯ್ದೆಗೆ 2020ರಲ್ಲಿ 28ಡಿಎ ಕಲಂ ಸೇರಿದ ಮೇಲೆ ಸರಕಿನ ಮೂಲದ ಮಾಹಿತಿ ಆಮದುದಾರನ ಬಳಿಯೇ ಇರಬೇಕು, ಐದು ವರ್ಷ ಕಾಪಾಡಿಕೊಳ್ಳಬೇಕು. ‘ಪತ್ರ ಅವರು ಕೊಟ್ಟರು’ ಎಂದರೆ ಯಾರೂ ಕೇಳುವುದಿಲ್ಲ. ಸಿಕ್ಕಿಬೀಳುವವನು ದಲ್ಲಾಳಿಯಲ್ಲ, ನಿಮ್ಮ ಮೈದುನ. ಇನ್ನೊಂದು ಮಾತು: ವಿಮೆ, ಸಾಗಣೆ ಸೇರಿ ಕೆಜಿಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸನ್ನು ತರುವಂತಿಲ್ಲ. ‘ಬಿಲ್ಲಿನಲ್ಲಿ 500ರ ಮೇಲೆ ತೋರಿಸಿ, ಹೆಚ್ಚಿನದನ್ನು ಕೈಗೆ ವಾಪಸು ಕೊಡುತ್ತೇವೆ’ ಎಂದಿದ್ದರೆ ಆ ದಲ್ಲಾಳಿಯ ಫೋನನ್ನೇ ಎತ್ತಬೇಡಿ.

ಕುಶಾಲನಗರದ ಸದಸ್ಯ: ಪಾಕಿಸ್ತಾನದ ಸ್ಥಾನವನ್ನು 2019ರಲ್ಲಿ ಕಿತ್ತಿಲ್ಲವೇ? ಮನಸ್ಸಿದ್ದರೆ ಮಾರ್ಗ.

ಕೊಪ್ಪದ ಸದಸ್ಯ: ಅದು ಪುಲ್ವಾಮಾ ದಾಳಿಯ ನಂತರ, ಸುಂಕವೂ ಶೇ 200ಕ್ಕೆ ಏರಿತು. ನಾವು 1996ರಲ್ಲಿ ಕೊಟ್ಟ ಸ್ಥಾನವನ್ನು ಅವರು ನಮಗೆ ಕೊಡಲೇ ಇಲ್ಲ. ವಿಯೆಟ್ನಾಂ ಏನು ಮಾಡಿದೆ? ನಾಳೆ ಐರೋಪ್ಯ ಒಕ್ಕೂಟ ನಮ್ಮ ಕಾಫಿಗೊಂದಕ್ಕೇ ಸುಂಕ ಏರಿಸಿದರೆ ಮೊದಲು ಬೊಬ್ಬೆ ಹೊಡೆಯುವವರು ನೀವೇ.

ಕುಶಾಲನಗರದ ಸದಸ್ಯ: ತೋಟವಿಲ್ಲದವರಿಗೆ ಉಪದೇಶ ಸುಲಭ.

ಕೊಪ್ಪದ ಸದಸ್ಯ: ಪಹಣಿ ಹಾಕಲೇ?

ಶಿರಸಿಯ ಸದಸ್ಯ: ಅಡಿಕೆಗೂ ಇದೇ ನಿಯಮವೇ ಸರ್?

ಮಡಿಕೇರಿಯ ಸದಸ್ಯ: ಸ್ವಿಟ್ಜರ್ಲೆಂಡ್ 2025ರಿಂದ ನಮ್ಮ ಪರಮಾಪ್ತ ಸ್ಥಾನ ತೆಗೆದಿದೆಯಂತೆ?

ಏಜೆಂಟ್: ಅದು ಆದಾಯ ತೆರಿಗೆ ಒಪ್ಪಂದದ ವಿಷಯ. ಸುಂಕಕ್ಕೆ ಸಂಬಂಧವಿಲ್ಲ.

ಬಾಳೆಹೊನ್ನೂರಿನ ಸದಸ್ಯ: ಎಲ್ಲರೂ ಈ ಅರ್ಜಿಗೆ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕಳುಹಿಸಿ, ವಿಯೆಟ್ನಾಂ ಸ್ಥಾನ ರದ್ದಾಗುತ್ತದೆ. ಹತ್ತು ಗುಂಪುಗಳಿಗೆ ಹಂಚಿ.

ಏಜೆಂಟ್: ಮೇಲೆ ಬರೆದದ್ದನ್ನು ಓದಿ. ಆಮದು ಸುಂಕ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ. ಇದನ್ನೇ ಮತ್ತೆ ಹಾಕಿದರೆ ನಾನು ಉತ್ತರಿಸುವುದಿಲ್ಲ.

ಸಕಲೇಶಪುರದ ಸದಸ್ಯೆ: ಸರ್, ಅರ್ಧ ಮುಂಗಡವನ್ನು ಆಗಲೇ ಕೊಟ್ಟಿದ್ದಾನಂತೆ.

ಏಜೆಂಟ್: ಸರಕು ಹಡಗು ಹತ್ತಿದೆಯೇ? ಮೊದಲು ಅದನ್ನು ಹೇಳಿ.