ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಸಾಗಿಸುವುದು: ಮಾಡಿ ನೋಡಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಡೆಸ್ಕ್‌ಟಾಪ್ 2019ರದ್ದು. ಒಳಗೆ 500 ಜಿಬಿ ಹಾರ್ಡ್ ಡಿಸ್ಕ್, ಅದರಲ್ಲಿ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಸಪೋರ್ಟ್ ಮುಗಿಯಿತಲ್ಲ, ಅದಕ್ಕೇ 11ಕ್ಕೆ ಹೋಗೋಣ ಅಂತ. ಹೇಗೂ ಕೈ ಹಾಕುತ್ತಿದ್ದೇನೆ, ಡಿಸ್ಕೂ ಬದಲಾಗಲಿ ಎಂದು 480 ಜಿಬಿಯ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತಂದಿಟ್ಟಿದ್ದೇನೆ. ಹೊಸದಾಗಿ ಇನ್‌ಸ್ಟಾಲ್ ಮಾಡಲು ಮನಸ್ಸಿಲ್ಲ. ಲೆಕ್ಕ ಬರೆಯುವ ಒಂದು ಹಳೇ ಸಾಫ್ಟ್‌ವೇರ್ ಇದೆ, ಅದರ ಸೆಟಪ್ ಫೈಲ್ ಎಲ್ಲಿ ಹೋಯಿತೋ ದೇವರೇ ಬಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೇ ಕ್ಲೋನ್ ಮಾಡಬೇಕು. ಸಿ ಡ್ರೈವ್‌ನಲ್ಲಿ 180 ಜಿಬಿ ತುಂಬಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೇ ಪದ್ಧತಿ) ಅಂತ ತೋರಿಸುತ್ತದೆ. ಒಂದೇ ಭಾನುವಾರದಲ್ಲಿ ಎರಡೂ ಕೆಲಸ ಮುಗಿಸಬಹುದಾ?

ಉತ್ತರ 1

ಒಂದೇ ದಿನ ಎರಡೂ ಬೇಡ ಸರ್. ಮೊದಲು ಡಿಸ್ಕ್, ಆಮೇಲೆ ವಿಂಡೋಸ್ 11. ನಡುವೆ ನಾಲ್ಕು ದಿನ ಬಿಡಿ.

ನಾನು ಒಟ್ಟಿಗೆ ಮಾಡಲು ಹೋಗಿ ಇಡೀ ರಾತ್ರಿ ನಿದ್ದೆಗೆಟ್ಟವನು. ಬೆಳಿಗ್ಗೆ ಅಪ್‌ಗ್ರೇಡ್, ಮಧ್ಯಾಹ್ನ ಕ್ಲೋನ್. ಸಂಜೆ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಏಳುವ ಮದರ್‌ಬೋರ್ಡ್ ಸೆಟ್ಟಿಂಗ್‌ಗಳಿಗೆ) ಹೋಗಿ ಸಾಟಾ ಮೋಡನ್ನು, ಅಂದರೆ ಮದರ್‌ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿಯನ್ನು, ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿದೆ. ಎಸ್‌ಎಸ್‌ಡಿಗೆ ಅದೇ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಆನ್ ಮಾಡಿದರೆ ನೀಲಿ ಸ್ಕ್ರೀನ್, 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್'. ಕ್ಲೋನ್ ಸರಿಯಾಗಿಲ್ಲ ಅಂದುಕೊಂಡು ಮತ್ತೆ ಮಾಡಿದೆ. ಕೇಬಲ್ ಬದಲಿಸಿದೆ. ವಿಂಡೋಸ್ 11ಕ್ಕೇ ಬೈದೆ. ಕೊನೆಗೆ ನೋಡಿದರೆ ಕಳ್ಳ ಆ ಮೋಡ್. ಹಳೇ ಮೋಡ್‌ಗೆ ವಾಪಸ್ ಹೋಗಿ, ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಅನ್ನೋ ಸೆಟ್ಟಿಂಗ್ ಕಿಟಕಿಯಲ್ಲಿ ಸೇಫ್ ಬೂಟ್ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯೋಸ್‌ನಲ್ಲಿ ಎಎಚ್‌ಸಿಐ ಹಾಕಿದೆ. ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದಿತು, ಡ್ರೈವರ್ ತಾನೇ ಹಾಕಿಕೊಂಡಿತು. ಟಿಕ್ ತೆಗೆದೆ. ಹತ್ತು ನಿಮಿಷದ ಕೆಲಸ. ಮೂರು ಬದಲಾವಣೆ ಒಟ್ಟಿಗೆ ಮಾಡಿದ್ದರಿಂದ ಯಾವುದನ್ನು ಅನುಮಾನಿಸಬೇಕು ಅಂತಲೇ ಗೊತ್ತಾಗಲಿಲ್ಲ, ಅಷ್ಟೇ.

ಇನ್ನು ನಿಮ್ಮ ಅಳತೆ. 500 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ ಸುಮಾರು 465 ಅಂತ ಕಾಣುತ್ತದೆ, 480ರದ್ದು 447. ತುಂಬಿರುವುದು 180 ಆದರೂ ಪಾರ್ಟಿಷನ್ (ಡಿಸ್ಕ್‌ನಲ್ಲಿ ಗುರುತು ಹಾಕಿದ ಭಾಗ) ಹರಡಿಕೊಂಡಿರುವುದು ಪೂರ್ತಿ 465ರಲ್ಲಿ. ಕೆಲವು ಕ್ಲೋನ್ ಸಾಫ್ಟ್‌ವೇರ್‌ಗಳು ತುಂಬಿರುವಷ್ಟನ್ನೇ ಲೆಕ್ಕ ಹಾಕಿ ತಾವೇ ಕುಗ್ಗಿಸಿಕೊಳ್ಳುತ್ತವೆ. ಎಸ್‌ಎಸ್‌ಡಿ ಕಂಪನಿಗಳು ಪುಕ್ಕಟೆ ಕೊಡುವ ಟೂಲ್‌ಗಳು ಹೆಚ್ಚಾಗಿ ಹೀಗೆ. ಕ್ಲೋನ್‌ಜಿಲ್ಲಾ ಅನ್ನೋ ಕ್ಲೋನ್ ಟೂಲ್ ಮಾತ್ರ ಚಿಕ್ಕ ಡಿಸ್ಕ್ ಕಂಡರೆ ಮುಖ ತಿರುಗಿಸುತ್ತದೆ. ಸಿ ಡ್ರೈವ್ ಕುಗ್ಗಿಸಿದರೂ ಸಾಲದು. ರಿಕವರಿ ಪಾರ್ಟಿಷನ್ ಸಾಮಾನ್ಯವಾಗಿ ಡಿಸ್ಕ್‌ನ ಬಾಲದಲ್ಲಿ ಕೂತಿರುತ್ತದೆ. ಅದನ್ನು ಜಿಪಾರ್ಟೆಡ್ ಅನ್ನೋ ಪಾರ್ಟಿಷನ್ ಟೂಲ್‌ನಿಂದ ಮುಂದಕ್ಕೆ ಎಳೆದರೇನೇ ಚಿಕ್ಕ ಡಿಸ್ಕ್‌ನಲ್ಲಿ ಹಿಡಿಸುವುದು. ನಿಮ್ಮ ಜಾಗದಲ್ಲಿ ನಾನಿದ್ದರೆ ಎಸ್‌ಎಸ್‌ಡಿ ಕಂಪನಿಯ ಟೂಲನ್ನೇ ಬಳಸುತ್ತಿದ್ದೆ.

ಎಂಬಿಆರ್ ಇದ್ದರೆ ಕ್ಲೋನ್‌ಗೆ ಅಡ್ಡಿ ಇಲ್ಲ. ಆದರೆ ವಿಂಡೋಸ್ 11ಕ್ಕೆ ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಬೇಕು, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಯುಇಎಫ್‌ಐನಲ್ಲಿ ವಿಂಡೋಸ್ ಬೂಟ್ ಆಗಬೇಕಾದರೆ ಡಿಸ್ಕ್ ಜಿಪಿಟಿ (ಎಂಬಿಆರ್ ಬದಲಿಗೆ ಬಂದ ಹೊಸ ಪದ್ಧತಿ) ಆಗಿರಬೇಕು. ಅದಕ್ಕೆ ವಿಂಡೋಸ್‌ನಲ್ಲೇ 'ಎಂಬಿಆರ್-ಟು-ಜಿಪಿಟಿ' ಅನ್ನೋ ಕಮಾಂಡ್ ಇದೆ, ಡೇಟಾ ಅಳಿಸದೆ ಬದಲಿಸುತ್ತದೆ. ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಜಾಸ್ತಿ ಇರಬಾರದು, ಎಕ್ಸ್‌ಟೆಂಡೆಡ್ (ಒಳಗೆ ಮತ್ತೆ ಭಾಗ ಮಾಡಿದ್ದು) ಇರಲೇಬಾರದು. ಮೊದಲು ವ್ಯಾಲಿಡೇಟ್ (ಏನೂ ಬದಲಿಸದ ಪರೀಕ್ಷೆ) ಮಾತ್ರ ಮಾಡಿ ನೋಡಿ. ಇದನ್ನು ಕ್ಲೋನ್ ಆದಮೇಲೆ ಹೊಸ ಡಿಸ್ಕ್ ಮೇಲೆ ಮಾಡಿ, ಹಳೆಯದರ ಮೇಲೆ ಅಲ್ಲ. ಹಳೇ ಡಿಸ್ಕ್ ಇದ್ದ ಹಾಗೇ ಇರಲಿ.

ಉತ್ತರ 2

ಎಲ್ಲಕ್ಕಿಂತ ಮೊದಲು ಹಳೇ ಡಿಸ್ಕ್‌ನ ಆರೋಗ್ಯ ನೋಡಿ. ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) 5ನೇದು ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಕೊಟ್ಟ ಜಾಗ), 197 ಕರೆಂಟ್ ಪೆಂಡಿಂಗ್ ಸೆಕ್ಟರ್ (ಓದಲು ಕಷ್ಟವಾಗುತ್ತಿರುವ ಜಾಗ). ಈ ಎರಡೂ ಸೊನ್ನೆ ಇದ್ದರೆ ಧೈರ್ಯವಾಗಿ ಮುಂದುವರಿಯಿರಿ. ಪೆಂಡಿಂಗ್‌ನಲ್ಲಿ ಅಂಕಿ ಕಂಡರೆ ಮೊದಲು ಲೆಕ್ಕದ ಫೈಲ್‌ಗಳು, ಫೋಟೋಗಳು ಬೇರೆ ಕಡೆ ಹೋಗಲಿ, ಕ್ಲೋನ್ ಆಮೇಲೆ. ಕ್ಲೋನ್ ಅಂದರೆ ಗಂಟೆಗಟ್ಟಲೆ ಬಿಡುವಿಲ್ಲದೆ ಓದಿಸುವುದು. ಸಾಯುತ್ತಿರುವ ಡಿಸ್ಕ್‌ಗೆ ಅದೇ ಕೊನೆಯ ಓಟ ಆಗಬಹುದು. ಅಂಥದ್ದಕ್ಕೆ ಲಿನಕ್ಸ್‌ನ ಡಿಡಿರೆಸ್ಕ್ಯೂ ವಾಸಿ, ಚೆನ್ನಾಗಿರುವ ಭಾಗ ಮೊದಲು ಎತ್ತಿಕೊಂಡು ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ.

ಉತ್ತರ 3

ನಾನು ಕ್ಲೋನ್ ಗೋಜೇ ಬೇಡ ಅಂತ ಹೊಸದಾಗಿ ಇನ್‌ಸ್ಟಾಲ್ ಮಾಡಿದವಳು. ಆದರೂ ಕೈ ಸುಟ್ಟುಕೊಂಡೆ. ಇದು ನಿಮಗೂ ಉಪಯೋಗಕ್ಕೆ ಬರಬಹುದು.

ಹೊಸ ಎಸ್‌ಎಸ್‌ಡಿ ಸಿಕ್ಕಿಸಿದೆ, ಹಳೇ ಹಾರ್ಡ್ ಡಿಸ್ಕ್ ಕೇಬಲ್ ಕೀಳಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಸ್‌ಎಸ್‌ಡಿಯನ್ನೇ ಆರಿಸಿ ವಿಂಡೋಸ್ ಹಾಕಿದೆ. ಎಲ್ಲ ಸರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಗುತ್ತಿತ್ತು. ಆರು ತಿಂಗಳು ಖುಷಿಯಾಗಿದ್ದೆ. ಒಂದು ದಿನ ಹಳೇ ಡಿಸ್ಕ್ ಸುಮ್ನೆ ಯಾಕೆ ಗುಯ್ಯೆನ್ನುತ್ತಿರಬೇಕು ಎಂದು ತೆಗೆದುಹಾಕಿದೆ. ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಡಿವೈಸೇ ಇಲ್ಲವಂತೆ! ಎಸ್‌ಎಸ್‌ಡಿ ಕಣ್ಣೆದುರಿಗೇ ಇದೆ, ಬಯೋಸ್‌ನಲ್ಲಿ ಹೆಸರೂ ಕಾಣುತ್ತಿದೆ. ಎದೆ ಧಸಕ್ ಎಂದಿತು.

ಆದದ್ದು ಇಷ್ಟು. ಹಳೇ ಡಿಸ್ಕ್‌ನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ (ಬೂಟ್ ಫೈಲ್‌ಗಳನ್ನಿಡುವ ಭಾಗ) ಇತ್ತು, ಬರೀ 100 ಎಂಬಿ. ಇನ್‌ಸ್ಟಾಲರ್ ವಿಂಡೋಸನ್ನು ಎಸ್‌ಎಸ್‌ಡಿಗೆ ಹಾಕಿ, ಬೂಟ್ ಫೈಲ್‌ಗಳನ್ನು ಮಾತ್ರ ಆ 100 ಎಂಬಿಗೆ ಬರೆದಿತ್ತು. ಮನೆ ಹೊಸದು, ಬೀಗದ ಕೈ ಹಳೇ ಮನೆಯಲ್ಲಿ. ಎಸ್‌ಎಸ್‌ಡಿಯಲ್ಲಿ ಸ್ವಲ್ಪ ಜಾಗ ಬಿಡಿಸಿ, ಅಲ್ಲೊಂದು ಇಎಫ್‌ಐ ಪಾರ್ಟಿಷನ್ ಮಾಡಿ, ಬಿಸಿಡಿಬೂಟ್ ಕಮಾಂಡ್‌ನಿಂದ ಫೈಲ್‌ಗಳನ್ನು ಹೊಸದಾಗಿ ಬರೆದ ಮೇಲೆ ಸರಿಹೋಯಿತು. ಹಾಗಾಗಿ ಇನ್‌ಸ್ಟಾಲ್ ಮಾಡುವುದಾದರೆ ಹೊಸ ಡಿಸ್ಕ್ ಒಂದೇ ಇರಲಿ. ಕ್ಲೋನ್ ಆದರೆ, ಮುಗಿದ ತಕ್ಷಣ ಶಟ್‌ಡೌನ್ ಮಾಡಿ ಹಳೆಯದರ ಕೇಬಲ್ ಕಿತ್ತು, ಆಮೇಲೆ ಮೊದಲ ಸಲ ಬೂಟ್ ಮಾಡಿ. ಬಯೋಸ್‌ನಲ್ಲಿ ಬೂಟ್ ಕ್ರಮ ಬದಲಿಸಿದರೆ ಸಾಕು ಅಂತ ಹೇಳುವವರಿದ್ದಾರೆ. ನಾನು ನಂಬುವುದಿಲ್ಲ, ಕೇಬಲ್ ಕಿತ್ತರೇನೇ ಸತ್ಯ ಗೊತ್ತಾಗುವುದು.

ಉತ್ತರ 4

ಎರಡು ಸಣ್ಣ ಮಾತು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿಕೊಳ್ಳಿ. ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಿ. ಅದೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ ಸೇವ್ ಮಾಡಿಟ್ಟು ಪರದಾಡಿದವರನ್ನು ಕಂಡಿದ್ದೇನೆ.

ಇನ್ನೊಂದು ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಅಂದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಕ್ಲೋನ್ ಮಾಡುವವರು ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ವಿಂಡೋಸ್ ಆಕ್ಟಿವೇಷನ್ ಬಗ್ಗೆ ಚಿಂತೆ ಬೇಡ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ.

ಉತ್ತರ 5

ಇಲ್ಲಿ ಲಿನಕ್ಸ್ ಬಳಸುವವರೂ ಇರಬಹುದು, ಅವರಿಗೆ. ಡಿಡಿ ಕಮಾಂಡ್‌ನಿಂದ ಕ್ಲೋನ್ ಮಾಡಿದರೆ ಯುಯುಐಡಿಯೂ (ಪಾರ್ಟಿಷನ್ ಗುರುತಿಸುವ ಸಂಖ್ಯೆ) ಹಾಗೇ ನಕಲಾಗುತ್ತದೆ. ಎರಡೂ ಡಿಸ್ಕ್ ಸಿಕ್ಕಿಸಿಟ್ಟು ಬೂಟ್ ಮಾಡಿದರೆ ಯಾವುದು ಮೌಂಟ್ ಆಯಿತು (ಬಳಕೆಗೆ ತೆರೆದುಕೊಂಡಿತು) ಅಂತ ಹೇಳಲಾಗದು. ನಾನು ಒಂದು ವಾರ ಹೊಸ ಡಿಸ್ಕ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಫೈಲ್‌ಗಳೆಲ್ಲ ಹಳೆಯದಕ್ಕೆ ಹೋಗುತ್ತಿದ್ದವು. ಬಿಟಿಆರ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಆದರೆ ಇನ್ನೂ ಅಪಾಯ, ಡೇಟಾ ಕೆಡಬಹುದು. ಈಗ ನಾನು ಡಿಡಿ ಬಿಟ್ಟಿದ್ದೇನೆ. ಹೊಸ ಡಿಸ್ಕ್‌ನಲ್ಲಿ ಪಾರ್ಟಿಷನ್ ಮಾಡಿ, ಆರ್‌ಸಿಂಕ್ ಕಮಾಂಡ್‌ನಿಂದ ಫೈಲ್‌ಗಳನ್ನು ನಕಲಿಸಿ, ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಪಾರ್ಟಿಷನ್ ಎಲ್ಲಿ ಅನ್ನುವ ಪಟ್ಟಿ) ಹೊಸ ಯುಯುಐಡಿ ಬರೆದು, ಕ್ರೂಟ್ ಮಾಡಿ (ಹೊಸ ಡಿಸ್ಕ್‌ನ ಲಿನಕ್ಸ್ ಒಳಗೆ ಹೊಕ್ಕು) ಗ್ರಬ್ ಅನ್ನೋ ಬೂಟ್ ಪ್ರೋಗ್ರಾಂ ಹಾಕುತ್ತೇನೆ. ಕೈಕೆಲಸ ಜಾಸ್ತಿ, ಆದರೆ ಡಿಸ್ಕ್ ಚಿಕ್ಕದೋ ದೊಡ್ಡದೋ ಅನ್ನೋ ತಲೆನೋವಿಲ್ಲ.

ಕೇಳಿದವರು ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಕೆಲಸ ಆಯಿತು. ಭಾನುವಾರ ಒಂದಲ್ಲ, ಎರಡು ಹಿಡಿಯಿತು.

ಸ್ಮಾರ್ಟ್‌ನಲ್ಲಿ ಎರಡೂ ಸೊನ್ನೆ. ಎಸ್‌ಎಸ್‌ಡಿ ಕಂಪನಿಯ ಟೂಲ್ ತಾನೇ ಕುಗ್ಗಿಸಿಕೊಂಡಿತು. ಯುಎಸ್‌ಬಿ ಅಡಾಪ್ಟರ್ ಮೂಲಕ ಮಾಡಿದೆ. ಮೊದಲು ಮುಂದಿನ ಪೋರ್ಟ್‌ಗೆ ಹಾಕಿದ್ದೆ, ಒಂದೂವರೆ ಗಂಟೆ ಅಂತ ತೋರಿಸಿತು. ಆಮೇಲೆ ಹೊಳೆಯಿತು, ಅದು ಯುಎಸ್‌ಬಿ 2. ಹಿಂದಿನ ನೀಲಿ ಪೋರ್ಟ್‌ಗೆ ಬದಲಿಸಿದೆ, ನಲವತ್ತು ನಿಮಿಷದಲ್ಲಿ ಮುಗಿಯಿತು. ಹಳೆಯದರ ಕೇಬಲ್ ಕಿತ್ತು ಆನ್ ಮಾಡಿದೆ, ಒಂದೇ ಸಲಕ್ಕೆ ಎದ್ದಿತು.

ಒಂದು ವಾರ ಬಿಟ್ಟು ಜಿಪಿಟಿಗೆ ಬದಲಿಸಿದೆ. ಕಮಾಂಡ್ ಮುಗಿದು ರೀಸ್ಟಾರ್ಟ್ ಆದಾಗ ಕಪ್ಪು ಪರದೆ! ಜೀವ ಬಾಯಿಗೆ ಬಂತು. ಬಯೋಸ್ ಇನ್ನೂ ಲೆಗಸಿಯಲ್ಲೇ (ಹಳೇ ಬೂಟ್ ಮೋಡ್) ಇತ್ತು, ಯುಇಎಫ್‌ಐ ಮಾಡಿದ ಮೇಲೆ ಸರಿಯಾಯಿತು. ಅದೇ ಸಂಜೆ ವಿಂಡೋಸ್ 11 ಹಾಕಿದೆ. ಇಷ್ಟವಾಗದಿದ್ದರೆ ಹತ್ತು ದಿನದೊಳಗೆ 10ಕ್ಕೆ ವಾಪಸ್ ಹೋಗಲು ಅದೇ ಅವಕಾಶ ಕೊಡುತ್ತದೆ, ಇನ್ನೂ ಬಳಸಿಕೊಂಡಿಲ್ಲ.

ಯಾರೂ ಹೇಳದ ಒಂದು ತೊಂದರೆ ಬಂತು. ಆ ಲೆಕ್ಕದ ಸಾಫ್ಟ್‌ವೇರ್ ಶುರುವಾಯಿತು, ಆದರೆ ಮತ್ತೆ ರಿಜಿಸ್ಟರ್ ಮಾಡಿ ಅಂದಿತು. ಅದು ಹಳೇ ಡಿಸ್ಕ್‌ನ ಸೀರಿಯಲ್ ನಂಬರ್ ನೋಡಿಕೊಂಡು ಕೂತಿತ್ತಂತೆ. ಕ್ಲೋನ್ ಮಾಡಿದರೆ ಎಲ್ಲ ಬರುತ್ತದೆ, ಡಿಸ್ಕ್‌ನ ಮೈಮೇಲಿನ ನಂಬರ್ ಬರುತ್ತದಾ? ಎಸ್‌ಎಸ್‌ಡಿ ಬಿಚ್ಚಿ, ಹಳೇ ಡಿಸ್ಕ್ ಸಿಕ್ಕಿಸಿ, ಬಯೋಸನ್ನು ಮತ್ತೆ ಲೆಗಸಿಗೆ ತಂದು ಬೂಟ್ ಮಾಡಿದೆ. ಹಳೇ ವಿಂಡೋಸ್ 10 ಏನೂ ಆಗದವರ ಹಾಗೆ ಎದ್ದಿತು. ಸಾಫ್ಟ್‌ವೇರ್‌ನ 'ಅಬೌಟ್' ಕಿಟಕಿಯಲ್ಲಿ ಲೈಸೆನ್ಸ್ ನಂಬರ್ ಇತ್ತು. ಫೋನ್‌ನಲ್ಲಿ ಫೋಟೋ ತೆಗೆದುಕೊಂಡು ಮತ್ತೆ ಎಸ್‌ಎಸ್‌ಡಿಗೆ ಬಂದು ರಿಜಿಸ್ಟರ್ ಮಾಡಿದೆ, ಒಪ್ಪಿಕೊಂಡಿತು. ಉತ್ತರ 1ರಲ್ಲಿ ಹೇಳಿದ ಹಾಗೆ ಹಳೆಯದನ್ನು ಮುಟ್ಟದೇ ಇಟ್ಟಿದ್ದಕ್ಕೆ ಬಚಾವ್. ಫಾರ್ಮ್ಯಾಟ್ ಮಾಡಿ ಫೋಟೋಗಳಿಗೆ ಬಳಸೋಣ ಅಂತ ಆ ಬೆಳಿಗ್ಗೆಯಷ್ಟೇ ಅಂದುಕೊಂಡಿದ್ದೆ. ಈಗ ಅದರ ಮೇಲೆ ತಾರೀಖು ಬರೆದು ಚೀಟಿ ಅಂಟಿಸಿ ಡ್ರಾಯರ್‌ನಲ್ಲಿಟ್ಟಿದ್ದೇನೆ.