ಸೈಜ್ ಮಾಡಿದ .308 ಕೇಸಿಗೆ ಬೋಲ್ಟ್ ಬಿಗಿ: ಶೆಲ್ ಹೋಲ್ಡರ್ ಗ್ರೈಂಡ್ ಮಾಡ್ಬೇಕೇನು?

ಗೋಕುಲರೋಡ್_ಗ್ರೈಂಡರ್, ಹುಬ್ಬಳ್ಳಿ:
ತಮ್ಮ ಓಹಾಯೋದಾಗ ಇರ್ತಾನ. ಬೋಲ್ಟ್ ಆ್ಯಕ್ಷನ್ .308 ವಿಂಚೆಸ್ಟರ್ ರೈಫಲ್ಲಿಗೆ ಅಲ್ಲೇ ರೀಲೋಡ್ ಮಾಡ್ತಾನ, ಅಂದ್ರ ಹೊಡೆದ ಖಾಲಿ ಕೇಸ್ ಮತ್ತ ತುಂಬಿ ಬಳಸ್ತಾನ. ಫುಲ್ ಲೆಂತ್ ಡೈನಾಗ ಸೈಜ್ ಮಾಡಿದ (ಹಿಂಡಿ ಅಳತಿಗೆ ತಂದ) ಖಾಲಿ ಹಿತ್ತಾಳಿ ಕೇಸ್ ಹಾಕಿದ್ರ ಬೋಲ್ಟ್ ಹಿಡಿಕಿ ಕೊನೀಗೆ ಬಿಗಿ ಆಗ್ತದಂತ. ಸೈಜ್ ಮಾಡೂಕಿಂತ ಮೊದಲು ಅದ ಕೇಸ್ ಇಷ್ಟು ಬಿಗಿ ಇರಂಗಿಲ್ಲ, ಅದ ತಿಳೀವಲ್ದು. ಡೈ ಶೆಲ್ ಹೋಲ್ಡರಿಗೆ (ಪ್ರೆಸ್ಸಿನಾಗ ಕೇಸಿನ ತಳ ಹಿಡಿಯೂ ತುಂಡು) ಮುಟ್ಟಿ ನಿಂತದ, ಇನ್ನ ಕೆಳಗ ಇಳಿಯಂಗಿಲ್ಲ. ನಮ್ಮ ಶೆಡ್ಡಿನಾಗ ಸರ್ಫೇಸ್ ಗ್ರೈಂಡರ್ ಅದ. ಹೋಲ್ಡರ್ ಕೊರಿಯರ್ ಮಾಡ್ತೀನಿ, ಮ್ಯಾಲಿನ ಮುಖ 0.10 ಮಿಮೀ ತೆಗೆದು ಕಳಿಸು ಅಂತಾನ. ತೆಗೆದ್ರ ಸರಿ ಆಗ್ತದೇನು?

ಡೈ_ಸೆಟ್ಟರ್, ಧಾರವಾಡ:
ಸೈಜ್ ಮಾಡಿದ ಮ್ಯಾಲ ಹೆಚ್ಚು ಬಿಗಿ ಆತು ಅನ್ನೂದರಾಗ ಅರ್ಧ ಉತ್ತರ ಅದ. ಡೈ ಮೊದಲು ಕೇಸಿನ ಮೈ ಹಿಂಡ್ತದ. ಹಿಂಡಿದ ಹಿತ್ತಾಳಿಗೆ ಮುಂದಕ್ಕಷ್ಟ ಜಾಗ, ಹಂಗಾಗಿ ಶೋಲ್ಡರ್ (ಮೈಯಿಂದ ನೆಕ್ಕಿಗೆ, ಅಂದ್ರ ಬುಲೆಟ್ ಹಿಡಿಯೂ ಕೊರಳಿಗೆ, ಸೇರೂ ಇಳಿಜಾರು) ಮುಂದ ಸರೀತದ. ಡೈ ಒಳಗಿನ ಶೋಲ್ಡರ್ ಬಂದು ಅದನ್ನ ವಾಪಸ್ ಒತ್ತೂದ್ರೊಳಗ ಕೇಸನ್ನ ಮ್ಯಾಲ ಎತ್ತೂ ರ‍್ಯಾಮ್ ನಿಂತ್ರ, ಚೇಂಬರಿಗಿಂತ (ರೈಫಲ್ಲಿನಾಗ ಕೇಸ್ ಕೂಡೂ ಜಾಗ) ಉದ್ದನ ಕೇಸ್ ಕೈಗೆ ಬರ್ತದ.

"ಮುಟ್ಟಿ ನಿಂತದ" ಅನ್ನೂದನ್ನ ನಂಬಬ್ಯಾಡ್ರಿ. ಖಾಲಿ ರ‍್ಯಾಮ್ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಕೇಸ್ ಒಳಗಿದ್ದಾಗ ಪ್ರೆಸ್ಸಿನ ಫ್ರೇಮ್ ಸ್ವಲ್ಪ ಹಿಗ್ಗಿ, ಡೈಗೂ ಹೋಲ್ಡರಿಗೂ ನಡುವ ಸಂದು ಬೀಳ್ತದ. ರ‍್ಯಾಮ್ ಪೂರ್ತಿ ಮ್ಯಾಲಿದ್ದಾಗ ಹಿಂದಿನಿಂದ ಟಾರ್ಚ್ ಹಿಡಿದು ನೋಡಲಿ. ಬೆಳಕು ಕಂಡ್ರ ಡೈ ಇಳಿಸಬೇಕು. ಥ್ರೆಡ್ 7/8 ಇಂಚು, ಇಂಚಿಗೆ 14. ಒಂದು ಸುತ್ತಿಗೆ 1.81 ಮಿಮೀ, 10 ಡಿಗ್ರಿಗೆ 0.05 ಮಿಮೀ. ಅಂದಾಜಿಗೆ ಕಾಲು ಸುತ್ತು ತಿರುವೋರು ಇಲ್ಲೇ ಕೆಡಿಸ್ಕೊಳ್ಳೂದು.

ಅಳೀಬೇಕಾದ್ದು ಕೇಸಿನ ಪೂರ್ತಿ ಉದ್ದ ಅಲ್ಲ. ಶೋಲ್ಡರಿನ ಮ್ಯಾಲ 0.400 ಇಂಚು ವ್ಯಾಸ ಎಲ್ಲಿ ಬರ್ತದೋ ಅಲ್ಲೀತನಕ ತಳದಿಂದ ಅಳೀಬೇಕು; ಅದಕ್ಕ ಕ್ಯಾಲಿಪರಿಗೆ ಕಂಪೇರೇಟರ್ ಸಿಗ್ತದ. ಪ್ರೈಮರ್ ತೆಗೆದ ಅಳೀಬೇಕು, ಉಬ್ಬಿದ ಪ್ರೈಮರ್ ಇದ್ರ ಅಳತಿ ಸುಳ್ಳ ಬರ್ತದ. ಅದ ರೈಫಲ್ಲಿನಾಗ ಹೊಡೆದ ಕೇಸಿನ ಅಳತಿಗಿಂತ ಬೋಲ್ಟ್ ಆ್ಯಕ್ಷನ್ನಿಗೆ 0.03ರಿಂದ 0.05 ಮಿಮೀ ಕಡಿಮಿ ಇದ್ರ ಸಾಕು. ಸರಾಗ ಹೋಗ್ಲಿ ಅಂತ ಹೆಚ್ಚಿಗಿ ಹಿಂದ ಒತ್ತಿದ್ರ ಪ್ರತಿ ಸಲ ಹೊಡೆದಾಗ ಕೇಸ್ ತಳದ ಹತ್ರ ಹಿಗ್ಗಿ ತೆಳು ಆಗ್ತದ. ತಳದಿಂದ 6–10 ಮಿಮೀ ಮ್ಯಾಲ ಹೊಳಿಯೂ ಉಂಗುರ ಕಂಡ್ರ, ತುದಿ ಬಗ್ಗಿಸಿದ ತಂತಿ ಒಳಗ ಬಿಟ್ಟು ಎಳೆದು ನೋಡ್ರಿ. ತಗ್ಗಿಗೆ ಸಿಕ್ಕಿತಂದ್ರ ಕೇಸ್ ಜಜ್ಜಿ ಗುಜರಿಗೆ.

ಗದಗ_ಟರ್ನರ್:
ಬಿಗಿ ಎಲ್ಲಿ ಅನ್ನೂದು ಗೊತ್ತಾಗದ ಏನೂ ತೆಗೀಬ್ಯಾಡ್ರಿ. ಫೈರಿಂಗ್ ಪಿನ್, ಇಜೆಕ್ಟರ್ (ಖಾಲಿ ಕೇಸ್ ಹೊರಗ ಚಿಮ್ಮಿಸೂ ಭಾಗ) ಎರಡೂ ಬಿಚ್ಚಿ, ಖಾಲಿ ಕೇಸಿನ ಮ್ಯಾಲೆಲ್ಲ ಕಪ್ಪು ಮಾರ್ಕರ್ ಬಳದು ಬೋಲ್ಟ್ ಹಾಕಲಿ. ಇಜೆಕ್ಟರ್ ಸ್ಪ್ರಿಂಗ್ ಇದ್ರ ಅದರ ಒತ್ತಡನ ಬಿಗಿ ಅನ್ನಿಸ್ತದ. ಶೋಲ್ಡರಿನ ಮ್ಯಾಲ ಬಣ್ಣ ಹೋದ್ರ ಡೈ ಸೆಟ್ಟಿಂಗ್. ತಳದ ಹತ್ರ ಹೋದ್ರ ಬ್ಯಾರೆ ರೈಫಲ್ಲಿನಾಗ ಹೊಡೆದ ಕೇಸ್ ಇರಬಹುದು. ಅಲ್ಲೀತನಕ ಸಾದಾ ಡೈ ಹಿಂಡಂಗಿಲ್ಲ, ಸ್ಮಾಲ್ ಬೇಸ್ ಡೈ ಬೇಕಾಗ್ತದ. ನೆಕ್ಕಿನ ತುದಿಗೆ ಹೋದ್ರ ಉದ್ದ ನೋಡ್ರಿ: 2.015 ಇಂಚು ಗರಿಷ್ಠ, ಟ್ರಿಮ್ 2.005ಕ್ಕ.

ಇನ್ನೊಂದು, ಎಕ್ಸ್‌ಪಾಂಡರ್ ಬಾಲ್ (ಡೈ ಒಳಗ ನೆಕ್ ಅಗಲಿಸೂ ಉಬ್ಬು) ಹೊರಗ ಬರೂ ಮುಂದ ನೆಕ್ಕನ್ನ ಜಗ್ಗಿ ಶೋಲ್ಡರನ್ನೂ ಎಳೀತದ. ನೆಕ್ ಒಳಗ ಚೂರು ಲ್ಯೂಬ್ ಬೇಕು. ಹೊರಗ ಮಾತ್ರ ಎಣ್ಣಿ ಸುರೀಬಾರದು, ಶೋಲ್ಡರಿಗೆ ಗುಳಿ ಬೀಳ್ತಾವ.

ಹಾವೇರಿ_ಫಿಟ್ಟರ್:
ಹೋಲ್ಡರ್ ಹುಬ್ಬಳ್ಳಿಗೆ ತರಿಸಲೇಬ್ಯಾಡ್ರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಕಲಂನಾಗ ಮದ್ದುಗುಂಡು ಅನ್ನೂದರಾಗ ಅದರ ಬಿಡಿಭಾಗ, ಅದನ್ನ ತಯಾರಿಸೂ ಯಂತ್ರೋಪಕರಣ ಎರಡೂ ಬರ್ತಾವ. ತಯಾರಿಗೆ, ರಿಪೇರಿಗೆ 5ನೇ ಕಲಂ ಲೈಸೆನ್ಸ್; ಆಮದು ರಫ್ತಿಗೆ 10ನೇ ಕಲಂ. "ಬರೇ ಉಕ್ಕಿನ ತುಂಡು" ಅಂತ ಕಸ್ಟಮ್ಸಿನಾಗ ವಾದ ಮಾಡಾಕ ಹೋಗಬ್ಯಾಡ್ರಿ. ಮಾದರಿಗೆ ಅಂತ ಖಾಲಿ ಕೇಸೂ ಬ್ಯಾಡ.

ಗೋಕುಲರೋಡ್_ಗ್ರೈಂಡರ್:
ಹಂಗಾದ್ರ ತರಿಸಂಗಿಲ್ಲ. ತಮ್ಮ ನೋಡಿ ಹೇಳಿದ: ಬೆಳಕು ಕಾಣಂಗಿಲ್ಲ, ಬಣ್ಣ ಹೋಗಿದ್ದು ಶೋಲ್ಡರಿನ ಮ್ಯಾಲ. ಹೊಡೆದ ಕೇಸಿಗಿಂತ ಸೈಜ್ ಮಾಡಿದ್ದು 0.05 ಮಿಮೀ ಉದ್ದ. ಅವ ಕೇಸ್ 8 ಸಲ ಹೊಡೆದಾವ, ಒಮ್ಮೆನೂ ಅನೀಲ್ (ಕಾಸಿ ಮೆತ್ತಗ) ಮಾಡಿಲ್ಲ. ಹೋಲ್ಡರಿನ ಮ್ಯಾಲ +.006 ಅಂತ ಬರದದ, ಅದೇನದು?

ಡೈ_ಸೆಟ್ಟರ್, ಧಾರವಾಡ:
ಅದ ಕಾರಣ. ಸಾದಾ ಹೋಲ್ಡರಿನ ಡೆಕ್ (ಕೇಸಿನ ತಳ ಕೂಡೂ ಜಾಗದಿಂದ ಮ್ಯಾಲಿನ ಮುಖದ ತನಕ ಎತ್ತರ) 0.125 ಇಂಚು, ಅದು ಬೇಕಂತಲೇ 0.006 ಇಂಚು, ಅಂದ್ರ 0.15 ಮಿಮೀ ಎತ್ತರ ಮಾಡಿದ್ದು. ರೆಡ್ಡಿಂಗ್ ಕಂಪನಿಯ ಕಾಂಪಿಟಿಷನ್ ಸೆಟ್ಟಿನಾಗ +.002ರಿಂದ +.010 ತನಕ ಐದು ಬರ್ತಾವ, ಡೈ ಮುಟ್ಟ್ಕೊಂಡೇ ಶೋಲ್ಡರ್ ಎಷ್ಟು ಒತ್ತಬೇಕು ಅನ್ನೂದನ್ನ ಹೋಲ್ಡರ್ ಬದಲಿಸಿ ಹಿಡಿಯಾಕ. ಸದ್ಯ 0.05 ಹೆಚ್ಚದ, 0.05 ಕಡಿಮಿ ಬೇಕು: ಒಟ್ಟು 0.10 ಇಳೀಬೇಕು. +.002 ಹಾಕಿದ್ರ ಲೆಕ್ಕ ಅಲ್ಲಿಗೇ ಬರ್ತದ. ತಮ್ಮನ 0.10 ಸರಿನ ಇತ್ತು, ಗ್ರೈಂಡರ್ ಬೇಕಿರಲಿಲ್ಲ ಅಷ್ಟ.

ಆದ್ರ 8 ಸಲ ಹೊಡೆದ ಹಿತ್ತಾಳಿ ಗಟ್ಟಿಯಾಗಿ ಒತ್ತಿದಷ್ಟೂ ಕೂಡಂಗಿಲ್ಲ, ಸ್ಪ್ರಿಂಗಿನಂಗ ವಾಪಸ್ ಬರ್ತದ. ಒಂದು ಕೇಸ್ ಒಂದು ಅಳತಿ, ಇನ್ನೊಂದು ಇನ್ನೊಂದು. ನೆಕ್ ಮತ್ತ ಶೋಲ್ಡರ್ ಮಾತ್ರ ಅನೀಲ್ ಮಾಡಲಿ. ಓವನ್ನಿನಾಗ ಇಡೀ ಕೇಸ್ ಕಾಸಿದ್ರ ತಳ ಮೆತ್ತಗಾಗಿ ಒತ್ತಡ ತಡಿಯಂಗಿಲ್ಲ, ಅದು ಅಪಾಯ. ಕಾಸಿದ್ದನ್ನ ನೀರಿಗೆ ಹಾಕಿದ್ರ ಗಟ್ಟಿ ಆಗ್ತದ ಅನ್ನೂದು ಉಕ್ಕಿನ ಮಾತು, 70:30 ಹಿತ್ತಾಳಿಗೆ ಹೊಂದಂಗಿಲ್ಲ. ಸೈಜ್ ಮಾಡೂ ಮುಂದ ರ‍್ಯಾಮ್ ಮ್ಯಾಲ ಒಂದೈದು ಸೆಕೆಂಡ್ ಹಿಡಿದ್ರ ಅಳತಿ ಇನ್ನ ಸಮ ಬರ್ತಾವ.

ಗದಗ_ಟರ್ನರ್:
ಖಾಲಿ ಕೇಸ್ ಸರಾಗ ಹೋಗಿ, ಬುಲೆಟ್ ಕೂಡಿಸಿದ ಮ್ಯಾಲ ಮತ್ತ ಬಿಗಿ ಆತಂದ್ರ ಸೈಜಿಂಗ್ ಡೈಗೆ ಕೈ ಹಚ್ಚಬ್ಯಾಡ ಅನ್ರಿ. ಬುಲೆಟ್ ಕೂಡಿಸೂ ಸೀಟಿಂಗ್ ಡೈ ಕೆಳಗ ಇಳಿದು ಕ್ರಿಂಪ್ ಒತ್ತಿ (ಕೇಸಿನ ಬಾಯಿ ಬುಲೆಟ್ಟಿಗೆ ಅಮುಕಿ) ಶೋಲ್ಡರ್ ಉಬ್ಬಿಸಿರ್ತದ. ಅರ್ಧ ಸುತ್ತು ಮ್ಯಾಲ ಎತ್ತಿ, ಸೀಟಿಂಗ್ ಸ್ಟೆಮ್ (ಬುಲೆಟ್ ಒತ್ತೂ ಕಡ್ಡಿ) ಅಷ್ಟ ಇಳಿಸಬೇಕು.