ಪಿಯಾನೋ ಈಗಷ್ಟೇ ಶುರು ಮಾಡಿರುವ ಮಕ್ಕಳಿಗೆ ಕ್ಲಾಸಿಕಲ್ ಕೇಳಿಸೋದು ಹೇಗೆ? ಯಾವುದರಿಂದ ಶುರು ಮಾಡಲಿ?

ಮೈಸೂರು_ಕೀಲಿಮಣೆ

ನಮಸ್ಕಾರ ಎಲ್ಲರಿಗೂ. ನಾನು ಮೈಸೂರಿನಲ್ಲಿ ಮನೆಯಲ್ಲೇ ಪಿಯಾನೋ ಹೇಳಿಕೊಡುತ್ತೇನೆ. ಬರುವವರೆಲ್ಲ ಏಳರಿಂದ ಹತ್ತು ವರ್ಷದ ಮಕ್ಕಳು. ಬೆರಳು ಚೆನ್ನಾಗಿ ಓಡುತ್ತವೆ. ಸಿ ಮೇಜರ್, ಜಿ ಮೇಜರ್ ಸ್ಕೇಲ್ ಆಗಿದೆ, ಪುಸ್ತಕದ ಚಿಕ್ಕ ಚಿಕ್ಕ ಪೀಸ್‌ಗಳನ್ನು ನುಡಿಸುತ್ತಾರೆ. ಆದರೆ ಇವರಲ್ಲಿ ಯಾರೂ ಪಾಶ್ಚಾತ್ಯ ಕ್ಲಾಸಿಕಲ್ ಅಂತ ಒಂದು ಕೃತಿಯನ್ನೂ ಪೂರ್ತಿ ಕೇಳಿಲ್ಲ. ಮನೆಯಲ್ಲಿ ಸಿನಿಮಾ ಹಾಡು, ಭಾವಗೀತೆ, ಕೆಲವರ ಮನೆಯಲ್ಲಿ ಕರ್ನಾಟಕ ಸಂಗೀತ ಕಿವಿಗೆ ಬೀಳುತ್ತದೆ. ಮೊಜಾರ್ಟ್, ಬಾಖ್ ಅನ್ನೋ ಹೆಸರುಗಳನ್ನು ನನ್ನ ಕ್ಲಾಸಿನಲ್ಲೇ ಮೊದಲು ಕೇಳಿದ್ದು.

ಹಾಗಾಗಿ ಕ್ಲಾಸಿನ ಕೊನೆಗೆ ಬೀಥೋವನ್ ಸೊನಾಟಾ (ಹಲವು ಭಾಗಗಳ ಉದ್ದದ ಕೃತಿ) ಹಾಕುತ್ತಿದ್ದೇನೆ. ಒಂದು ನಿಮಿಷ ಕೂರುತ್ತಾರೆ. ಆಮೇಲೆ ಒಬ್ಬಳು ಜಡೆ ಬಿಚ್ಚಿ ಕಟ್ಟುತ್ತಾಳೆ, ಇನ್ನೊಬ್ಬ ಸುಮ್ನೆ ಪೆಡಲ್ ತುಳಿಯುತ್ತಾ ಕೂರುತ್ತಾನೆ. ಹೇಗಿತ್ತು ಅಂದರೆ "ಚೆನ್ನಾಗಿತ್ತು ಮಿಸ್", ಅಷ್ಟೇ.

ಮೊದಲು ಯಾವ ಪೀಸ್ ಕೇಳಿಸಬೇಕು, ಎಷ್ಟು ಹೊತ್ತು, ಕೇಳುವಾಗ ಮಕ್ಕಳಿಗೆ ಏನು ಹೇಳಬೇಕು, ಕಥೆ ಹೇಳಿ ಕೇಳಿಸಬೇಕಾ ಬೇಡವಾ? ಇನ್ನೊಂದು ವಿಷಯ. ಕೆಲವು ಪೋಷಕರು "ಫೀಸ್ ಕೊಡೋದು ನುಡಿಸೋದನ್ನ ಕಲಿಯಲಿ ಅಂತ, ಮೊಬೈಲಿನಲ್ಲಿ ಕೇಳೋದು ಮನೆಯಲ್ಲೂ ಆಗುತ್ತೆ" ಅನ್ನುತ್ತಾರೆ. ಅವರಿಗೆ ಏನು ಹೇಳೋಣ?

ಎಡಗೈ_ಬಲಗೈ

ಮೇಡಂ, ಸೊನಾಟಾ ಸದ್ಯಕ್ಕೆ ಬದಿಗಿಡಿ. ಮಕ್ಕಳಿಗೆ ಅದು ಇಷ್ಟವಾಗಲಿಲ್ಲ ಅಂತಲ್ಲ, ಅದರಲ್ಲಿ ಏನನ್ನು ಹಿಡಿದುಕೊಳ್ಳಬೇಕು ಅಂತ ಅವರಿಗೆ ಗೊತ್ತಾಗುತ್ತಿಲ್ಲ. "ಗಮನ ಕೊಟ್ಟು ಕೇಳು" ಅಂದರೆ ಏಳು ವರ್ಷದ ಮಗು ಏನು ಮಾಡಬೇಕು ಹೇಳಿ? ಕಿವಿಗೆ ಒಂದು ಕೆಲಸ ಕೊಡಿ. ಒಂದು ಸಲಕ್ಕೆ ಒಂದೇ ಕೆಲಸ, ಅದೂ ಅವರ ಬೆರಳಿಗೆ ಆಗಲೇ ಗೊತ್ತಿರುವ ವಿಷಯದ ಮೇಲೆ.

ನಾನು ಬೆಂಗಳೂರಿನಲ್ಲಿ ಹೇಳಿಕೊಡುವುದು. ಯಾವಾಗಲೂ ಶುರು ಮಾಡುವುದು ಮೊಜಾರ್ಟ್‌ನ 12 ವೇರಿಯೇಶನ್‌ಗಳಿಂದ, ಅಂದರೆ ಒಂದೇ ಧಾಟಿಯನ್ನು ಹನ್ನೆರಡು ಥರ ಬದಲಾಯಿಸಿ ಬರೆದದ್ದು. ಹುಡುಕಲು ಕೃತಿ ಸಂಖ್ಯೆ ಕೆ. 265. ಅವನು 1781-82ರ ಸುಮಾರಿಗೆ ಬರೆದದ್ದು. ಮೂಲ ಒಂದು ಫ್ರೆಂಚ್ ಹಾಡಿನ ಧಾಟಿ, ನಮ್ಮ ಮಕ್ಕಳಿಗೆ ಅದು ಟ್ವಿಂಕಲ್ ಟ್ವಿಂಕಲ್. ಅಂದರೆ ಧಾಟಿ ಮೊದಲೇ ಬಾಯಿಗೆ ಬರುತ್ತದೆ, ಎಲ್ಲರೂ ನುಡಿಸಿಯೂ ಇರುತ್ತಾರೆ.

ಮೊದಲ ದಿನ ಪೂರ್ತಿ ಕೇಳಿಸಲೇಬೇಡಿ. ಥೀಮ್ (ಮೂಲ ಧಾಟಿ) ಮತ್ತು ಮೊದಲ ಎರಡು ವೇರಿಯೇಶನ್ ಸಾಕು, ಸುಮಾರು ಮೂರು ನಿಮಿಷ. ಕೇಳುವ ಮುಂಚೆ ಒಂದೇ ಮಾತು ಹೇಳಿ: "ಯಾವ ಕೈ ಓಡುತ್ತಿದೆಯೋ ಆ ಕೈ ಮೇಲೆತ್ತು." ಮೊದಲನೆಯದರಲ್ಲಿ ಬಲಗೈ ಗಡಗಡ ಓಡುತ್ತದೆ. ಎರಡನೆಯದರಲ್ಲಿ ಅದೇ ಓಟ ಎಡಗೈಗೆ ಹೋಗುತ್ತದೆ. ಎರಡನೆಯದು ಶುರುವಾದಾಗ ಮಕ್ಕಳ ಮುಖ ನೋಡಿ ಮೇಡಂ. ಬಲಗೈ ಅರ್ಧ ಮೇಲಿರುತ್ತದೆ, ಕಣ್ಣು ಅತ್ತಿತ್ತ ಹೋಗುತ್ತದೆ, ಆಮೇಲೆ ಮೆಲ್ಲಗೆ ಕೈ ಬದಲಾಗುತ್ತದೆ. ಅಲ್ಲಿ ಆ ಮಗು ನಿಜವಾಗಿ ಕೇಳಿದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ವಾರ ಎಂಟನೆಯ ವೇರಿಯೇಶನ್. ಅದು ಮೈನರ್ ಸ್ಕೇಲಿನಲ್ಲಿದೆ. "ಹಾಡಿಗೆ ಏನಾಯ್ತು?" ಅಂತ ಮಾತ್ರ ಕೇಳಿ. ಒಬ್ಬರು ಬೇಜಾರಾಗಿದೆ ಅನ್ನುತ್ತಾರೆ, ಇನ್ನೊಬ್ಬರು ಕತ್ತಲಾಯ್ತು ಅನ್ನುತ್ತಾರೆ, ಎಲ್ಲವನ್ನೂ ಒಪ್ಪಿಕೊಳ್ಳಿ. ತಕ್ಷಣ ಪಿಯಾನೋ ಮುಂದೆ ಕೂರಿಸಿ ಟ್ವಿಂಕಲ್ ಅನ್ನೇ ನುಡಿಸಲು ಹೇಳಿ, ಇ ಬಂದಲ್ಲಿ ಇ ಫ್ಲಾಟ್, ಎ ಬಂದಲ್ಲಿ ಎ ಫ್ಲಾಟ್ (ಅದರ ಎಡಪಕ್ಕದ ಕಪ್ಪು ಕೀಲಿ). ಎರಡೇ ಎರಡು ಸ್ವರ ಬದಲಾದರೆ ಹಾಡಿನ ಮುಖವೇ ಬದಲಾಗುತ್ತದೆ ಅಂತ ಅವರ ಬೆರಳೇ ಅವರಿಗೆ ಹೇಳುತ್ತದೆ. ಹನ್ನೊಂದನೆಯದು ತುಂಬಾ ನಿಧಾನ. ಹನ್ನೆರಡನೆಯದರಲ್ಲಿ ಎರಡರ ಎಣಿಕೆ ಹೋಗಿ ಮೂರರ ಎಣಿಕೆ ಬರುತ್ತದೆ, ಚಪ್ಪಾಳೆ ತಟ್ಟಿಸಿ ಕಂಡುಹಿಡಿಯಲು ಬಿಡಿ.

ಇನ್ನೊಂದು, ಮೈಸೂರಿನವರು ಅಂತ ಹೇಳುತ್ತಿದ್ದೇನೆ. ಕರ್ನಾಟಕ ಸಂಗೀತ ಕಲಿಯುವ ಮಕ್ಕಳಿದ್ದರೆ ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರ (ಪಾಶ್ಚಾತ್ಯ ಧಾಟಿಗೆ ಸಂಸ್ಕೃತ ಸಾಹಿತ್ಯ ಹಾಕಿದ ರಚನೆ) "ಶ್ಯಾಮಳೇ ಮೀನಾಕ್ಷಿ" ಹಾಡಿಸಿ. ಇದೇ ಧಾಟಿ! ಮಗುವಿಗೆ ಎರಡೂ ತನ್ನದೇ ಅನ್ನಿಸುತ್ತದೆ.

ಇಬ್ಬರು_ಮಕ್ಕಳ_ಅಮ್ಮ

ನಾನು ಟೀಚರ್ ಅಲ್ಲ, ಪಿಯಾನೋ ಕಲಿಯುವ ಇಬ್ಬರ ತಾಯಿ. ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಕಥೆಯೇ. ಪ್ರೊಕೊಫಿಯೆವ್‌ನ "ಪೀಟರ್ ಅಂಡ್ ದ ವುಲ್ಫ್", 1936ರದ್ದು. ಕಥೆಯ ಒಂದೊಂದು ಪಾತ್ರಕ್ಕೂ ಒಂದೊಂದು ವಾದ್ಯ. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಗೊಣಗುವ ತಾತನಿಗೆ ಬಸೂನ್, ತೋಳಕ್ಕೆ ಮೂರು ಹಾರ್ನ್. ಅದರಲ್ಲಿ ಪಿಯಾನೋ ಇಲ್ಲವಲ್ಲ ಅಂತ ನೀವು ಕೇಳಬಹುದು. ಆದರೆ ಅದಾದ ಮೇಲೆ ನಮ್ಮ ಚಿಕ್ಕವಳು ತನ್ನ ಪೀಸಿನ ಎಡಗೈ ಭಾಗಕ್ಕೆ "ಇದು ತಾತ" ಅಂತ ಹೆಸರಿಟ್ಟಳು. ಅಲ್ಲಿಂದ ಆ ಭಾಗವನ್ನು ಬೇರೆ ಥರವೇ ನುಡಿಸುತ್ತಾಳೆ, ಭಾರವಾಗಿ, ಸ್ವಲ್ಪ ಎಳೆದು.

ಸೇಂಟ್-ಸಾನ್ಸ್‌ನ "ಕಾರ್ನಿವಲ್ ಆಫ್ ದ ಅನಿಮಲ್ಸ್" ಕೂಡ ಕೇಳಿಸಿ. 14 ಚಿಕ್ಕ ಚಿಕ್ಕ ಭಾಗಗಳು, ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆನೆಗೆ ಡಬಲ್ ಬೇಸ್. ಆಮೆಗೆ ಆಫೆನ್‌ಬಾಖ್‌ನ ಕ್ಯಾನ್-ಕ್ಯಾನ್ ಕುಣಿತವನ್ನೇ ಪೂರ್ತಿ ನಿಧಾನ ಮಾಡಿ ಕೊಟ್ಟಿದ್ದಾನೆ. ಮೊದಲು ಕ್ಯಾನ್-ಕ್ಯಾನ್ ಕೇಳಿಸಿ ಆಮೇಲೆ ಆಮೆ ಕೇಳಿಸಿದರೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಪ್ರಾಣಿಗಳ ಸಾಲಿನಲ್ಲಿ "ಪಿಯಾನಿಸ್ಟರು" ಅಂತಲೂ ಒಂದು ಭಾಗ ಇದೆ, ಬರೀ ಸ್ಕೇಲ್! ಹೊಸದಾಗಿ ಕಲಿಯುವವರ ಹಾಗೆ ತಡವರಿಸಿ ನುಡಿಸಿ ಅಂತ ಸ್ವರಲಿಪಿಯಲ್ಲೇ ಸೂಚನೆ ಇದೆ. ದಿನಾ ಸ್ಕೇಲ್ ನುಡಿಸುವ ಮಕ್ಕಳಿಗೆ ಇದು ಎಷ್ಟು ಖುಷಿ ಕೊಡುತ್ತದೆ ಅಂದರೆ ಹೇಳಲಾರೆ.

ಮೂರು_ನಾಲ್ಕರ_ತಾಳ

ಅಮ್ಮನವರೇ, ನಿಮ್ಮ ಮಗಳ "ತಾತ" ತುಂಬಾ ಚೆನ್ನಾಗಿದೆ. ಆದರೆ ಕಥೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಈ ಎರಡು ಕೃತಿಗಳಲ್ಲಿ ಕಥೆ, ಪ್ರಾಣಿ ಎಲ್ಲ ಸಂಗೀತಗಾರರೇ ಇಟ್ಟದ್ದು, ಅದು ಸರಿ. ಉಳಿದ ಎಲ್ಲದಕ್ಕೂ ನಾವೇ ಕಥೆ ಕಟ್ಟಿ ಹೇಳಿದರೆ ಮಗು ಕಥೆಯನ್ನು ಕೇಳುತ್ತದೆ, ಸಂಗೀತವನ್ನಲ್ಲ.

ಅಮೆರಿಕದ ಆರ್ಕೆಸ್ಟ್ರಾ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ 1958ರಲ್ಲಿ ನ್ಯೂಯಾರ್ಕ್‌ನಲ್ಲಿ ಮಕ್ಕಳಿಗಾಗಿ ಟಿವಿಯಲ್ಲಿ ಕಛೇರಿ-ಪಾಠ ಶುರು ಮಾಡಿದರಲ್ಲ, ಅದರ ಮೊದಲ ಕಂತಿನ ವಿಷಯವೇ ಇದು. ರಿಚರ್ಡ್ ಸ್ಟ್ರಾಸ್‌ನ "ಡಾನ್ ಕಿಹೋಟೆ" ಸಂಗೀತಕ್ಕೆ ಅವರು ಸೂಪರ್‌ಮ್ಯಾನ್ ಕಥೆ ಹೇಳಿದರು. ಕಥೆ ಸರಿಯಾಗಿ ಹೊಂದಿಕೊಂಡಿತು. ಆಮೇಲೆ ನಿಜವಾದ ಕಥೆ ಹೇಳಿದರು, ಅದೂ ಹೊಂದಿಕೊಂಡಿತು. ಸಂಗೀತ ಎರಡು ಸಲವೂ ಅದೇ. ಕಥೆ ಹೊರಗಿನಿಂದ ಅಂಟಿಸಿದ್ದು ಅಂತ ಮಕ್ಕಳಿಗೇ ಕಾಣಿಸಿಕೊಟ್ಟರು.

ನಾನು ಶೂಮನ್‌ನಿಂದ ಹೋಗುತ್ತೇನೆ. 1848ರಲ್ಲಿ ತನ್ನ ಮಕ್ಕಳಿಗೋಸ್ಕರ ಬರೆಯಲು ಶುರು ಮಾಡಿದ "ಆಲ್ಬಂ ಫಾರ್ ದ ಯಂಗ್", 43 ಪೀಸ್‌ಗಳಿವೆ. ಅದರಲ್ಲಿ ಎಂಟನೆಯದು "ವೈಲ್ಡ್ ಹಾರ್ಸ್‌ಮನ್", ಒಂದು ನಿಮಿಷವೂ ಇಲ್ಲ. ಹೆಸರು ಹೇಳಬೇಡಿ. ಮೊದಲ ಸಲ: ಧಾಟಿ ಯಾವ ಕೈಯಲ್ಲಿದೆ? ಬಲಗೈಯಲ್ಲಿ ಶುರುವಾಗಿ ಮಧ್ಯದಲ್ಲಿ ಎಡಗೈಗೆ ಹೋಗಿ ತಿರುಗಿ ಬರುತ್ತದೆ. ಎರಡನೇ ಸಲ: ಸ್ವರಗಳು ಕೂಡಿಕೊಂಡಿವೆಯಾ, ಬಿಡಿ ಬಿಡಿಯಾಗಿವೆಯಾ? ಮೂರನೇ ಸಲ: ಮಧ್ಯದಲ್ಲಿ ಬಣ್ಣ ಬದಲಾಯಿತಾ? ಅಲ್ಲಿ ಎ ಮೈನರ್‌ನಿಂದ ಎಫ್ ಮೇಜರ್‌ಗೆ ಹೋಗುತ್ತದೆ. ಕೊನೆಗೆ ನೀನು ಇದಕ್ಕೆ ಏನು ಹೆಸರಿಡುತ್ತೀಯ ಅಂತ ಕೇಳಿ. ಅವರು ಹೇಳಿದ ಮೇಲೆ ಶೂಮನ್ ಇಟ್ಟ ಹೆಸರು ಹೇಳಿ.

ಪೋಷಕರ ಪ್ರಶ್ನೆಗೆ ನನ್ನ ಉತ್ತರ: ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಮೊದಲ ಪ್ರಾಕ್ಟಿಕಲ್ ಗ್ರೇಡ್ ಪರೀಕ್ಷೆಯಲ್ಲೇ ಆರಲ್ ಟೆಸ್ಟ್, ಅಂದರೆ ಕೇಳಿ ಉತ್ತರಿಸುವ ಪರೀಕ್ಷೆ ಇದೆ. ಎರಡರ ಎಣಿಕೆಯೋ ಮೂರರದೋ, ಜೋರೋ ಮೆಲ್ಲಗೋ, ಕೂಡಿಸಿ ನುಡಿಸಿದ್ದೋ ಬಿಡಿಸಿಯೋ, ಇದನ್ನೇ ಕೇಳುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಒಂದು ವಾರದಲ್ಲಿ ಉರು ಹೊಡೆದು ಬರುವಂಥದ್ದಲ್ಲ. ಪ್ರತಿ ಕ್ಲಾಸಿನಲ್ಲಿ ಐದು ನಿಮಿಷ ಕೇಳಿದ ಮಗುವಿಗೆ ಅದು ಪರೀಕ್ಷೆ ಅಂತಲೇ ಅನ್ನಿಸುವುದಿಲ್ಲ.

ಮೈಸೂರು_ಕೀಲಿಮಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈ ಎತ್ತಿಸುವ ಆಟದಿಂದಲೇ ಶುರು ಮಾಡುತ್ತೇನೆ, ಶ್ಯಾಮಳೇ ಮೀನಾಕ್ಷಿ ಹಾಡುವ ಒಬ್ಬಳಿದ್ದಾಳೆ, ಅವಳಿಂದ ಹಾಡಿಸಿಯೇ ಮೊಜಾರ್ಟ್ ಹಾಕುತ್ತೇನೆ. ಎರಡು ಅನುಮಾನ. ಮೊಬೈಲಿನಲ್ಲೇ ಕೇಳಿಸಿದರೆ ಆಗುತ್ತಾ? ಒಂದೊಂದು ಪೀಸಿಗೂ ನೂರಾರು ರೆಕಾರ್ಡಿಂಗ್ ಇವೆ, ಯಾರದ್ದನ್ನು ಹಾಕಲಿ?

ಎಡಗೈ_ಬಲಗೈ

ಮೊಬೈಲ್ ಸ್ಪೀಕರ್ ಬೇಡ ಮೇಡಂ. ಅದರಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಕೇಳುವುದೇ ಇಲ್ಲ, ಎಡಗೈ ಎಲ್ಲಿ ಅಂತ ಮಗುವನ್ನು ಕೇಳಿ ಪ್ರಯೋಜನವಿಲ್ಲ. ಸಾಧಾರಣ ಬ್ಲೂಟೂತ್ ಸ್ಪೀಕರ್ ಆದರೂ ಪರವಾಗಿಲ್ಲ. ಬಣ್ಣದ ಕಡ್ಡಿಗಳು ಮೇಲಿನಿಂದ ಕೀಲಿಗಳ ಮೇಲೆ ಬೀಳುವ ವಿಡಿಯೋಗಳಿವೆಯಲ್ಲ, ಅವನ್ನು ಕೇಳುವ ಹೊತ್ತಿನಲ್ಲಿ ತೋರಿಸಬೇಡಿ. ಕಣ್ಣಿಗೆ ಕೆಲಸ ಸಿಕ್ಕಿದರೆ ಕಿವಿ ರಜೆ ಹಾಕುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಮಧ್ಯದಲ್ಲಿ ಜಾಹೀರಾತು ಬಂದರೆ ಎಲ್ಲ ಹೋಯ್ತು.

ಪೋಷಕರಿಗೆ ಹೇಳಲು ನಿಮ್ಮ ಊರಲ್ಲೇ ಒಳ್ಳೇ ಉದಾಹರಣೆ ಇದೆ. ಜಯಚಾಮರಾಜೇಂದ್ರ ಒಡೆಯರ್. ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದ ಮಹಾರಾಜರು ಅಂತ ಎಲ್ಲರಿಗೂ ಗೊತ್ತು. ಅವರು ಪಿಯಾನೋ ನುಡಿಸುತ್ತಿದ್ದರು, ಪಾಶ್ಚಾತ್ಯ ಸಂಗೀತದ ದೊಡ್ಡ ಕೇಳುಗರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಮೆಟ್ನರ್ ಎಂಬ ಪಿಯಾನಿಸ್ಟ್ ತನ್ನ ಕೃತಿಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಲು ದುಡ್ಡು ಕೊಟ್ಟದ್ದು ಮೈಸೂರಿನಿಂದ. ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ. ಮಕ್ಕಳಿಗೆ ಅದು ಈಗಲೇ ಬೇಡ, ಕಷ್ಟ. ದೊಡ್ಡವರಾದ ಮೇಲೆ ಖಂಡಿತ ಕೇಳಿಸಿ.

ಮೂರು_ನಾಲ್ಕರ_ತಾಳ

ರೆಕಾರ್ಡಿಂಗ್ ಬಗ್ಗೆ: ಒಬ್ಬರದ್ದೇ ಸರಿ ಅಂತ ಹುಡುಕಬೇಡಿ. ಮಕ್ಕಳು ಸ್ವಲ್ಪ ಪಳಗಿದ ಮೇಲೆ ಒಂದೇ ಪೀಸನ್ನು ಎರಡು ಥರ ಕೇಳಿಸಿ. ನನಗೆ ತುಂಬಾ ಇಷ್ಟವಾದದ್ದು ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್‌ನ ಮೊದಲ ಆರಿಯಾ, ಅಂದರೆ ಶುರುವಿನ ಮೂಲ ಧಾಟಿ. ಪಿಯಾನಿಸ್ಟ್ ಗ್ಲೆನ್ ಗೂಲ್ಡ್ ಅದನ್ನು 1955ರಲ್ಲಿ 22ರ ವಯಸ್ಸಿನಲ್ಲಿ ರೆಕಾರ್ಡ್ ಮಾಡಿದ. ಮತ್ತೆ 1981ರಲ್ಲಿ. ಮೊದಲಿನದು ಎರಡು ನಿಮಿಷದೊಳಗೆ ಮುಗಿಯುತ್ತದೆ, ಆಮೇಲಿನದು ಮೂರು ನಿಮಿಷ ದಾಟುತ್ತದೆ. ಸ್ವರಲಿಪಿ ಅದೇ, ಮನುಷ್ಯನೂ ಅವನೇ. ಯಾವುದು ಹುಡುಗ ನುಡಿಸಿದ್ದು, ಯಾವುದು ದೊಡ್ಡವನಾದ ಮೇಲೆ ನುಡಿಸಿದ್ದು, ಯಾಕೆ ಹಾಗನ್ನಿಸಿತು ಅಂತ ಕೇಳಿ. "ಚೆನ್ನಾಗಿತ್ತು ಮಿಸ್" ಅಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಂದ ಹಾಗೆ ಗೂಲ್ಡ್ ನುಡಿಸುತ್ತಾ ಗುನುಗುತ್ತಾನೆ, ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ನೀವು ಹೇಳಬೇಡಿ, ಮಕ್ಕಳೇ ಕಂಡುಹಿಡಿಯಲಿ.